ಗ್ಯಾಪ್ ಜಂಕ್ಷನ್
ಸ್ನಾಯುಕೋಶಗಳು ಒಂದಕ್ಕೊಂದು ಬಿಗಿಯಾಗಿ ತಾಗುವ ಜಾಗಕ್ಕೆ 1962ರಲ್ಲಿ ಸಂಶೋಧಕರಾದ ಡ್ಯೂಯಿ ಮತ್ತು ಬಾರ್ ‘ನೆಕ್ಸಸ್’ ಎಂದು ಹೆಸರಿಟ್ಟರು. ಎರಡು ಕೋಶಗಳ ಪೊರೆಗಳು ಅಲ್ಲಿ ಬೆಸೆದುಹೋಗಿವೆ ಎಂಬುದು ಆಗಿನ ನಂಬಿಕೆ. 1967ರಲ್ಲಿ ರೆವೆಲ್ ಮತ್ತು ಕಾರ್ನೋವ್‌ಸ್ಕಿ ಇಲಿಯ ಹೃದಯ, ಯಕೃತ್ತುಗಳಿಗೆ ಲ್ಯಾಂಥನಮ್ ಹಾಯಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬೆಸುಗೆ ಎಂದುಕೊಂಡಲ್ಲಿ ಸುಮಾರು 2 ನ್ಯಾನೊಮೀಟರ್ ಸಂದು! ಅದರೊಳಗೆ ಇಳಿದ ಲ್ಯಾಂಥನಮ್, ಜೇನುಹಲ್ಲೆಯಂತೆ ಒತ್ತೊತ್ತಾಗಿ ನಿಂತ ಕಣಗಳ ಅಂಚನ್ನು ಕಪ್ಪಾಗಿ ತೋರಿಸಿತ್ತು. ‘ಗ್ಯಾಪ್’ ಬಂದದ್ದು ಈ ಸಂದಿನಿಂದ. ಆದರೂ ಹೆಸರು ಅರ್ಧವನ್ನಷ್ಟೇ ಹೇಳುತ್ತದೆ. ಆ ಕಣಗಳು, ಅಂದರೆ ಸಂದನ್ನು ದಾಟಿ ಒಂದು ಕೋಶದಿಂದ ಇನ್ನೊಂದಕ್ಕೆ ಅಯಾನುಗಳನ್ನು ಸಾಗಿಸುವ ಕೊಳವೆಗಳೇ, ಇಲ್ಲಿ ಮುಖ್ಯ. ಕೊಳವೆಯ ಒಂದು ಅರ್ಧ ‘ಕನೆಕ್ಸಾನ್’, ಅದನ್ನು ಕಟ್ಟುವ 6 ಪ್ರೋಟೀನ್‌ಗಳು ‘ಕನೆಕ್ಸಿನ್’. ಎರಡೂ 1970ರ ದಶಕದ ಪದಗಳು. ಕನೆಕ್ಸಿನ್‌ಗಳಲ್ಲೊಂದಾದ ಕನೆಕ್ಸಿನ್ 26ರ ಕೊಳವೆಯ ಸ್ಫಟಿಕ ರಚನೆಯನ್ನು 2009ರಲ್ಲಿ ಜಪಾನಿನ ಸಂಶೋಧಕರು ಬಿಡಿಸಿದರು. ಹುಟ್ಟುಕಿವುಡಿಗೆ ಇದೇ ಪ್ರೋಟೀನಿನ ಜೀನ್ ದೋಷ ಒಂದು ಮುಖ್ಯ ಕಾರಣ.