ಮಡಕೆಯಿಂದ ಕಾರಿನ ಡೋರ್‌ವರೆಗೆ: ‘ದಂ’ ಅನ್ನುವ ಸದ್ದಿನ ನೂರು ವರ್ಷ

ಹೊಸ ಕಾರು ತಗೊಂಡವರ ಬಾಯಲ್ಲಿ ಮೊದಲ ತಿಂಗಳಲ್ಲೇ ಕೇಳಿಬರುವ ದೂರು ಒಂದಿದೆ. ಮೈಲೇಜ್ ಪರವಾಗಿಲ್ಲ, ಎ.ಸಿ. ಪರವಾಗಿಲ್ಲ, ಆದರೆ ಕಂಪನಿ ಕೊಟ್ಟ ಸೆಟ್‌ನಲ್ಲಿ ‘ದಂ’ ಇಲ್ಲ. ಮಾತು ಕೇಳುತ್ತದೆ, ಕೊಳಲು ಕೇಳುತ್ತದೆ, ಡೊಳ್ಳು ಮಾತ್ರ ತಗಡಿನ ಡಬ್ಬಿ ಬಡಿದ ಹಾಗೆ ಕೇಳುತ್ತದೆ. ಆಮೇಲೆ ಪೇಟೆಯ ಅಂಗಡಿಗೆ ಹೋಗಿ ಡಿಕ್ಕಿ ತುಂಬ ಒಂದು ವೂಫರ್ ಪೆಟ್ಟಿಗೆ ಹಾಕಿಸಿಕೊಂಡು ಬರುತ್ತಾರೆ. ಅಡಿಕೆ ಮಾರಿದ ದುಡ್ಡಲ್ಲಿ, ಬಾಡಿಗೆ ಓಡಿಸಿ ಕೂಡಿಟ್ಟ ದುಡ್ಡಲ್ಲಿ. ಊರಿಗೆ ಬಂದ ಮೇಲೆ ನೋಡಿದರೆ ನಂಬರ್ ಪ್ಲೇಟ್ ಗಡಗಡ ಅನ್ನುತ್ತಿರುತ್ತದೆ, ಹಾಡು ಇನ್ನೂ ಸರಿಯಾಗಿಲ್ಲ.

ಆ ದುಡ್ಡು ಎಲ್ಲಿಗೆ ಹೋಗಬೇಕಿತ್ತು ಅನ್ನುವುದು ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೂ ಮುಂಚೆ, ಒಂದು ಮಡಕೆ.

ಟೇಪ್ ರೆಕಾರ್ಡರ್ ಕಾಲ ಕಂಡವರಿಗೆ ಇದು ನೆನಪಿರುತ್ತದೆ. ಒಂದು ಸ್ಪೀಕರ್ ಬಿಚ್ಚಿ, ಉದ್ದ ವೈರ್ ಎಳೆದು, ಮಣ್ಣಿನ ಮಡಕೆಯ ಬಾಯಿ ಮೇಲೆ ಕೂರಿಸುತ್ತಿದ್ದರು. ಕೈಯಲ್ಲಿ ಹಿಡಿದಾಗ ಚಿರ್ ಅನ್ನುತ್ತಿದ್ದ ಅದೇ ಸ್ಪೀಕರ್, ಮಡಕೆ ಮೇಲೆ ಕೂತ ಕೂಡಲೇ ಗುಂ ಅನ್ನುತ್ತಿತ್ತು. ವಾಟ್ ಹೆಚ್ಚಾಗಿರಲಿಲ್ಲ, ಸ್ಪೀಕರ್ ಬದಲಾಗಿರಲಿಲ್ಲ. ಬದಲಾದದ್ದು ಒಂದೇ, ಸ್ಪೀಕರ್‌ನ ಬೆನ್ನಿಗೆ ಮುಚ್ಚಿದ ಒಂದು ಜಾಗ ಸಿಕ್ಕಿತ್ತು. ಹಾಗೆ ಮಾಡಿದ ನಮ್ಮ ಊರುಗಳ ಎಲೆಕ್ಟ್ರಿಷಿಯನ್‌ಗಳು ಯಾವ ಪುಸ್ತಕವನ್ನೂ ಓದಿರಲಿಲ್ಲ. ಆದರೆ ಅವರು ಮಾಡಿದ್ದು ಸರಿಯಾದ ಕೆಲಸ.

ಯಾಕೆ ಸರಿ ಅಂತ ಮೊದಲು ಬರೆದಿಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಇಬ್ಬರು ಇಂಜಿನಿಯರ್‌ಗಳು. 1925ರಲ್ಲಿ ಅವರು ಹೊಸ ಬಗೆಯ ಸ್ಪೀಕರ್ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಕಾಗದದ ಕೋನ್, ಅದರ ತುದಿಗೆ ತಾಮ್ರದ ತಂತಿಯ ಸುರುಳಿ, ಸುತ್ತ ಮ್ಯಾಗ್ನೆಟ್. ಇವತ್ತು ನಿಮ್ಮ ಕಾರಿನ ಡೋರ್‌ನಲ್ಲಿ ಇರುವುದು ಮೂಲದಲ್ಲಿ ಅದೇ ಯಂತ್ರ. ನೂರು ವರ್ಷದಲ್ಲಿ ಸಾಮಗ್ರಿ ಬದಲಾಗಿದೆ, ವಿದ್ಯೆ ಬದಲಾಗಿಲ್ಲ.

ಅವರಿಗೆ ಎದುರಾದ ತೊಂದರೆ ಇದು. ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಅಂದರೆ ಸ್ಪೀಕರ್‌ನ ಎದೆಯಿಂದ ಒಂದು ಸದ್ದು, ಬೆನ್ನಿನಿಂದ ಅದಕ್ಕೆ ಉಲ್ಟಾ ಇನ್ನೊಂದು ಸದ್ದು. ಕೀರಲು ಸದ್ದಿನ ಅಲೆ ಚಿಕ್ಕದು, ಬೆನ್ನಿನ ಸದ್ದು ಬಂದು ಸೇರುವಷ್ಟರಲ್ಲಿ ಅದು ಮುಂದೆ ಹೋಗಿಬಿಟ್ಟಿರುತ್ತದೆ. ಬೇಸ್ ಹಾಗಲ್ಲ. ಸೆಕೆಂಡಿಗೆ 50 ಸಲ ಅದುರುವ ಸದ್ದಿನ ಒಂದು ಅಲೆಯ ಉದ್ದ ಹತ್ತಿರಹತ್ತಿರ 7 ಮೀಟರ್. ಅಷ್ಟು ದೊಡ್ಡ ಅಲೆಗೆ ಆರು ಇಂಚಿನ ಸ್ಪೀಕರ್ ಸುತ್ತಿಕೊಂಡು ಬರುವುದು ಗದ್ದೆಯ ಬದು ದಾಟಿದಷ್ಟು ಸುಲಭ. ಹಿಂದಿನದು ಮುಂದಿನದನ್ನು ಸೇರುತ್ತದೆ, ಎರಡೂ ಒಂದನ್ನೊಂದು ನುಂಗುತ್ತವೆ. ಉಳಿಯುವುದು ಚಿರ್ ಮಾತ್ರ. ಎದೆ ಮತ್ತು ಬೆನ್ನಿನ ನಡುವೆ ಗೋಡೆ ಇರಬೇಕು ಅಂತ ಅವರು ಸ್ಪೀಕರ್ ಅನ್ನು ಅಗಲವಾದ ಹಲಗೆಗೆ ಕೂರಿಸಿದರು. ನಮ್ಮವರು ಮಡಕೆಗೆ ಕೂರಿಸಿದರು.

ಕಾರಿನೊಳಗೆ ರೇಡಿಯೊ ಬಂದಾಗ ಯಾರಿಗೂ ಈ ಗೋಡೆಯ ಚಿಂತೆ ಇರಲಿಲ್ಲ. 1930ರಲ್ಲಿ ಶಿಕಾಗೊದ ಪಾಲ್ ಗ್ಯಾಲ್ವಿನ್ ತನ್ನ ಸ್ಟುಡ್‌ಬೇಕರ್ ಕಾರಿಗೆ ರೇಡಿಯೊ ಹಾಕಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ತಯಾರಕರ ಸಮ್ಮೇಳನಕ್ಕೆ ಹೋದ. ಒಳಗೆ ಮಳಿಗೆ ಹಾಕಲು ದುಡ್ಡಿರಲಿಲ್ಲ, ಹೊರಗೆ ಕಾರು ನಿಲ್ಲಿಸಿ ಜೋರಾಗಿ ಹಾಡು ಹಾಕಿ ಜನ ಸೇರಿಸಿದ. ಆ ರೇಡಿಯೊಗೆ ಇಟ್ಟ ಹೆಸರು ಮೊಟೊರೋಲಾ. ಮುಂದೆ ಕಂಪನಿಯ ಹೆಸರೂ ಅದೇ ಆಯಿತು. ಸಾಲ ಕೊಡಲಿ ಅಂತ ಬ್ಯಾಂಕಿನವನೊಬ್ಬನ ಪ್ಯಾಕರ್ಡ್ ಕಾರಿಗೆ ರೇಡಿಯೊ ಹಾಕಿಕೊಟ್ಟಾಗ ಅರ್ಧ ಗಂಟೆಯಲ್ಲಿ ಕಾರಿಗೆ ಬೆಂಕಿ ಹತ್ತಿತು, ಸಾಲ ಸಿಗಲಿಲ್ಲ ಅನ್ನುವ ಕಥೆಯೂ ಇದೆ. ವೈರಿಂಗ್ ವಿಷಯ ಬಂದಾಗ ಈ ಕಥೆ ನೆನಪಿಟ್ಟುಕೊಳ್ಳಿ.

ಆಗ ಎಲ್ಲರ ತಲೆನೋವು ಬೇರೆ. ಪ್ಲಗ್‌ನ ಕಿಡಿಯಿಂದ ಬರುವ ಕರಕರ ನಿಲ್ಲಿಸಬೇಕು, ವಾಲ್ವ್‌ಗಳಿಗೆ ಬ್ಯಾಟರಿ ಸಾಲಬೇಕು. ಸುದ್ದಿ ಕೇಳಿದರೆ ಸಾಕಿತ್ತು. ಡ್ಯಾಶ್‌ಬೋರ್ಡ್‌ನಲ್ಲಿ ಒಂದೇ ಸ್ಪೀಕರ್, ಬೇಸ್ ಅನ್ನುವ ಮಾತೇ ಇಲ್ಲ.

1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಮನುಷ್ಯರ ಕಿವಿಯನ್ನೇ ಅಳೆದರು. ಗೊತ್ತಾದದ್ದು ಏನೆಂದರೆ, ವಾಲ್ಯೂಮ್ ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳುವುದೇ ಇಲ್ಲ. ಮಾತಿನ ಸದ್ದಿಗೆ ಕಿವಿ ಚುರುಕು, ಗುಡುಗಿನಂಥ ತಗ್ಗಿನ ಸದ್ದಿಗೆ ಮಂದ. ಹಳೆಯ ಸೆಟ್‌ಗಳಲ್ಲಿ ‘ಲೌಡ್‌ನೆಸ್’ ಅಂತ ಒಂದು ಬಟನ್ ಇರುತ್ತಿತ್ತಲ್ಲ, ಅದು ಹುಟ್ಟಿದ್ದು ಈ ಲೆಕ್ಕದಿಂದ. ಕಾರಿನಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಟಯರು, ರಸ್ತೆ, ಇಂಜಿನ್ ಮಾಡುವ ಗದ್ದಲ ಬಹುಪಾಲು ತಗ್ಗಿನ ಸದ್ದೇ. ಶೋರೂಮಿನಲ್ಲಿ ನಿಂತ ಕಾರಲ್ಲಿ ಚೆನ್ನಾಗಿ ಕೇಳಿದ ಬೇಸ್ ಹೈವೇಯಲ್ಲಿ ಎಂಬತ್ತು ದಾಟಿದ ಕೂಡಲೇ ಮಾಯವಾಗುವುದು ಇದಕ್ಕೇ. ಸೆಟ್ ನಿಮಗೆ ಮೋಸ ಮಾಡಿಲ್ಲ, ರಸ್ತೆ ಅದನ್ನು ಮುಚ್ಚಿಹಾಕಿದೆ.

ಪೆಟ್ಟಿಗೆಯ ವಿಷಯ ಮುಂದುವರಿದದ್ದು ಮನೆಯ ಸ್ಪೀಕರ್‌ಗಳಲ್ಲಿ. ಬೇಸ್ ಬೇಕೆಂದರೆ ಬೀರುವಿನಷ್ಟು ಪೆಟ್ಟಿಗೆ ಬೇಕು ಅಂತ ಎಲ್ಲರೂ ನಂಬಿದ್ದಾಗ, 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚುರ್ ಸಣ್ಣ ಪೆಟ್ಟಿಗೆಯನ್ನು ಗಾಳಿ ಆಡದಂತೆ ಬಿಗಿಯಾಗಿ ಮುಚ್ಚಿ ತೋರಿಸಿದರು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗ್‌ನಂತೆ ಕೋನ್ ಅನ್ನು ಹಿಡಿತದಲ್ಲಿಟ್ಟಿತು. ಮಡಕೆಯ ಗುಟ್ಟೂ ಹೆಚ್ಚುಕಡಿಮೆ ಇದೇ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಯಾವ ಸ್ಪೀಕರ್‌ಗೆ ಎಷ್ಟು ಲೀಟರ್ ಪೆಟ್ಟಿಗೆ ಬೇಕು ಅನ್ನುವುದನ್ನು ಲೆಕ್ಕಕ್ಕೆ ಇಳಿಸಿದರು. ಇವತ್ತು ಒಳ್ಳೆ ವೂಫರ್ ತಗೊಂಡರೆ ಜೊತೆಗೆ ಬರುವ ಚೀಟಿಯಲ್ಲಿ ಲೀಟರ್ ಲೆಕ್ಕ ಬರೆದಿರುವುದು ಇವರಿಬ್ಬರ ದೆಸೆಯಿಂದ. ಅಂಗಡಿಯವರು ಆ ಚೀಟಿಯನ್ನು ರಟ್ಟಿನ ಡಬ್ಬದ ಜೊತೆ ಎಸೆಯುವುದನ್ನು ಬಹಳ ಸಲ ನೋಡಿದ್ದೇನೆ. ಕೇಳಿ ಇಸಿದುಕೊಳ್ಳಿ.

ಕಾರಿನವರು ಆ ದಾರಿ ಹಿಡಿಯಲಿಲ್ಲ. 1966ರ ಮಾಡೆಲ್ ಫೋರ್ಡ್ ಕಾರುಗಳಿಗೆ ಟೇಪ್ ಬಂತು, ಆಮೇಲೆ ಕ್ಯಾಸೆಟ್ ಬಂತು, ಸ್ಪೀಕರ್ ಮಾತ್ರ ಸಿಕ್ಕ ಸಂದಿಯಲ್ಲಿ ಉಳಿಯಿತು. 1970ರ ದಶಕದಲ್ಲಿ ಅರಿಜೋನಾದ ಜಿಮ್ ಫಾಸ್ಗೇಟ್ ಕಾರಿಗೆಂದೇ ಆಂಪ್ಲಿಫೈಯರ್ ಮಾಡಿ, 45 ಹರ್ಟ್ಸ್ ಆಸುಪಾಸಿನ ಸದ್ದನ್ನು ಎತ್ತಿಕೊಡುವ ‘ಪಂಚ್’ ಅನ್ನುವ ಗುಂಡಿ ಇಟ್ಟರು. ಸೋರುವ ಕೊಡಕ್ಕೆ ಜೋರಾಗಿ ನೀರು ಬಿಟ್ಟಂತೆ ಅದು. ಕೊಡ ತುಂಬಿದ ಹಾಗೆ ಕಾಣುತ್ತದೆ, ಸೋರುವುದು ನಿಲ್ಲುವುದಿಲ್ಲ. ಡಿಕ್ಕಿ ತುಂಬ ಪೆಟ್ಟಿಗೆ ಹೊತ್ತು ತಿರುಗುವ ಚಟ ಅಮೆರಿಕದ ಹುಡುಗರಿಗೆ ಹತ್ತಿದ್ದು ಇಂಥ ಆಂಪ್ಲಿಫೈಯರ್‌ಗಳು ಬಂದ ಮೇಲೆ.

ಸೋರುವುದನ್ನೇ ನಿಲ್ಲಿಸಲು ಕಾರ್ಖಾನೆಯಲ್ಲೇ ಗಂಭೀರವಾಗಿ ಕೂತವರು ಅಮರ್ ಬೋಸ್. ತಂದೆ ನೊನಿ ಗೋಪಾಲ್ ಬೋಸ್ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು, ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ಮಗ ಹುಡುಗನಿದ್ದಾಗಲೇ ಫಿಲಡೆಲ್ಫಿಯಾದಲ್ಲಿ ರೇಡಿಯೊ ರಿಪೇರಿ ಮಾಡಿ ಮನೆಗೆ ದುಡ್ಡು ತಂದವನು, ಮುಂದೆ ಎಂ.ಐ.ಟಿ. ಪ್ರೊಫೆಸರ್. ಅವರ ಕಂಪನಿ ಜನರಲ್ ಮೋಟರ್ಸ್ ಜೊತೆ ಸೇರಿ 1983ರ ಮಾಡೆಲ್ ಕ್ಯಾಡಿಲಾಕ್ ಮುಂತಾದ ಕಾರುಗಳಿಗೆ, ಆ ಕಾರಿಗೇ ಅಳತೆ ತೆಗೆದು ಹೊಲಿದಂಥ ವ್ಯವಸ್ಥೆ ಕೊಟ್ಟಿತು. ಪ್ರತಿ ಸ್ಪೀಕರ್‌ಗೂ ತನ್ನದೇ ಪೆಟ್ಟಿಗೆ, ತನ್ನದೇ ಆಂಪ್ಲಿಫೈಯರ್. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೋ ಗೊತ್ತಿಲ್ಲ, ಕಾರಿನಲ್ಲಿ ತಲೆ ಎಲ್ಲಿರುತ್ತದೆ, ಗಾಜು ಎಲ್ಲಿರುತ್ತದೆ ಮೊದಲೇ ಗೊತ್ತು. ಹಾಗಾಗಿ ಕಾರಿನ ಕೆಲಸ ಕಷ್ಟವಲ್ಲ, ಅಳೆಯುವ ತಾಳ್ಮೆ ಬೇಕು, ಅಷ್ಟೆ. ದುಬಾರಿ ಕಾರಿಗೆ ಆ ತಾಳ್ಮೆ ಸಿಕ್ಕಿತು.

ಅದೇ 1983ರ ಡಿಸೆಂಬರ್ 14ರಂದು ನಮ್ಮಲ್ಲಿ ಮಾರುತಿ 800 ರಸ್ತೆಗೆ ಇಳಿಯಿತು. ಹಗುರ, ಅಗ್ಗ, ಪೆಟ್ರೋಲ್ ಕಡಿಮೆ. ಹಾಡಿನ ಸೆಟ್ ಹೊರಗೆ ಹಾಕಿಸಿಕೊಳ್ಳುವುದೇ ರೂಢಿಯಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಆಮೇಲೆ ಜಿಲ್ಲಾ ಕೇಂದ್ರಗಳಲ್ಲೂ ಒಂದು ದೊಡ್ಡ ಕಸುಬೇ ಇದರ ಸುತ್ತ ಬೆಳೆಯಿತು. 1987ರ ‘ಪ್ರೇಮಲೋಕ’ದ ಕ್ಯಾಸೆಟ್ ತಿರುಗುತ್ತಿದ್ದ ಕಾಲ ಅದು. ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ ಎರಡು ಮೊಟ್ಟೆಯಾಕಾರದ ಸ್ಪೀಕರ್ ಹಾಕುವುದು ಆ ದಿನಗಳ ಶೋಕಿ.

ಇಲ್ಲೊಂದು ಸ್ವಾರಸ್ಯ ಇದೆ. ಅಂಬಾಸಿಡರ್, ಪದ್ಮಿನಿಯಂಥ ಡಿಕ್ಕಿ ಕಾರುಗಳಲ್ಲಿ ಆ ಸ್ಪೀಕರ್‌ಗಳು ಒಳ್ಳೆ ಬೇಸ್ ಕೊಡುತ್ತಿದ್ದವು, ಮಾರುತಿ 800ರಲ್ಲಿ ಅಷ್ಟು ಕೊಡುತ್ತಿರಲಿಲ್ಲ. ಸ್ಪೀಕರ್ ಒಂದೇ ಆದರೂ ಸರಿ. ಡಿಕ್ಕಿ ಕಾರಿನಲ್ಲಿ ಸ್ಪೀಕರ್‌ನ ಬೆನ್ನು ಪೂರ್ತಿ ಡಿಕ್ಕಿಯೊಳಗೆ ಇರುತ್ತದೆ, ಮಧ್ಯೆ ಸೀಟು, ಹಲಗೆ ಅಡ್ಡ. ಅಷ್ಟು ದೊಡ್ಡ ಮಡಕೆ ಅದು. ಸಣ್ಣ ಕಾರಿನಲ್ಲಿ ಎತ್ತಿ ತೆಗೆಯುವ ತೆಳ್ಳನೆ ಟ್ರೇ, ಸುತ್ತ ಸಂದಿ. ಎದೆಯ ಸದ್ದೂ ಬೆನ್ನಿನ ಸದ್ದೂ ಮತ್ತೆ ಒಂದಾಗುತ್ತವೆ.

ಈಗಿನ ಕಂಪನಿ ಸೆಟ್‌ನಲ್ಲಿ ಸ್ಪೀಕರ್ ಡೋರ್‌ಗೆ ಬಂದಿದೆ. ಡೋರ್ ಪ್ಯಾಡ್ ಬಿಚ್ಚಿ ನೋಡಿದರೆ ಕಥೆ ತಾನಾಗೇ ಅರ್ಥವಾಗುತ್ತದೆ. ಒಳತಗಡಿನ ತುಂಬ ದೊಡ್ಡ ದೊಡ್ಡ ತೂತು, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. ಹೊರತಗಡು ಬೆರಳಲ್ಲಿ ತಟ್ಟಿದರೆ ಡಣ್ ಅನ್ನುತ್ತದೆ. ಕಂಪನಿಯವರು ದಡ್ಡರಲ್ಲ. ಗಾಜು ಇಳಿಯಬೇಕು, ಮಳೆ ನೀರು ಹರಿದು ಹೋಗಬೇಕು, ತೂಕ ಕಡಿಮೆ ಇರಬೇಕು, ಬೆಲೆಯೂ ಕಡಿಮೆ ಇರಬೇಕು. ಇಷ್ಟರ ಮಧ್ಯೆ ಬೇಸ್ ಕೊನೆಯ ಪಂಕ್ತಿ. ಸಾಲದ್ದಕ್ಕೆ ಎಷ್ಟೋ ಹೊಸ ಸೆಟ್‌ಗಳು ವಾಲ್ಯೂಮ್ ಏರಿಸಿದಂತೆ ತಾವೇ ಬೇಸ್ ಕತ್ತರಿಸುತ್ತವೆ, ಸಣ್ಣ ಸ್ಪೀಕರ್ ಹರಿಯಬಾರದು ಅಂತ.

ಆದ್ದರಿಂದ ದುಡ್ಡು ಮೊದಲು ಹೋಗಬೇಕಾದ್ದು ವಾಟ್‌ಗೆ ಅಲ್ಲ, ಸಂದಿ ಮುಚ್ಚುವುದಕ್ಕೆ. ‘50 ವಾಟ್ × 4’ ಅಂತ ಡಬ್ಬದ ಮೇಲೆ ಬರೆದ ಸೆಟ್‌ನ ಬೆನ್ನಿನ ಫ್ಯೂಸ್ ನೋಡಿ. 10 ಆಂಪ್ ಇದ್ದರೆ, 14 ವೋಲ್ಟ್‌ಗೆ ಅದು ಒಳಗೆ ಎಳೆದುಕೊಳ್ಳುವುದೇ 140 ವಾಟ್. ಅದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. 200 ವಾಟ್ ಎಲ್ಲಿಂದ ಬರಬೇಕು? ಒಂದು ಸ್ಪೀಕರ್‌ಗೆ ನಿಜವಾಗಿ ಸಿಗುವುದು 15ರಿಂದ 20. ಇನ್ನೂ ಒಂದು ಮಾತು. ವಾಟ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಅನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು.

ಹೊರಗೆ ಸ್ಪೀಕರ್ ಬದಲಿಸಿದ್ದರೆ ಬಿಡಿಗಾಸು ಖರ್ಚಿಲ್ಲದ ಪರೀಕ್ಷೆ ಮೊದಲು ಮಾಡಿ. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿ ಕೇಳಿ, ಆಮೇಲೆ ಮಧ್ಯಕ್ಕೆ ತನ್ನಿ. ಒಂದೇ ಸ್ಪೀಕರ್ ಹಾಡುವಾಗ ಇದ್ದ ಬೇಸ್ ಎರಡೂ ಸೇರಿದಾಗ ಕಡಿಮೆಯಾದರೆ, ಯಾವುದೋ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಒತ್ತುವಾಗ ಇನ್ನೊಂದು ಎಳೆಯುತ್ತಿದೆ. 1925ರ ಅದೇ ಜಗಳ, ಈಗ ಎರಡು ಡೋರ್‌ಗಳ ನಡುವೆ. ವೈರ್ ತಿರುಗಿಸಿದರೆ ಮುಗಿಯಿತು.

ಆಮೇಲೆ ಡೋರ್. ಹೊರತಗಡಿನ ಒಳಮೈಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ, ಒಳತಗಡಿನ ತೂತುಗಳನ್ನು ಮುಚ್ಚಿಸಿ, ಸ್ಪೀಕರ್ ಸುತ್ತ ಫೋಮ್ ರಿಂಗ್ ಹಾಕಿಸಿ. ಡೋರ್‌ನ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಮಲೆನಾಡು, ಕರಾವಳಿಯವರಂತೂ ನಿಂತು ನೋಡಿ, ಇಲ್ಲದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಡೋರ್ ಒಳಗಿಂದ ತುಕ್ಕು ಹಿಡಿಯುತ್ತದೆ. ಇಷ್ಟಾದ ಮೇಲೂ ಸಾಲದಿದ್ದರೆ ಸೀಟಿನ ಕೆಳಗೆ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ ಸಣ್ಣ ವೂಫರ್ ಸಿಗುತ್ತದೆ. ಬಾಡಿಗೆ ಕಾರಿನವರಿಗೆ ಲಗೇಜ್ ಜಾಗವೂ ಉಳಿಯುತ್ತದೆ. ಕಂಪನಿಯ ವೈರ್ ಕತ್ತರಿಸದೆ ಕಪ್ಲರ್‌ನಲ್ಲೇ ಜೋಡಿಸಲು ಹೇಳಿ. ವಾರಂಟಿ ಜಗಳ ಶುರುವಾಗುವುದು ಕತ್ತರಿಸಿದ ವೈರ್‌ನಿಂದ. ಬ್ಯಾಟರಿಯಿಂದ ನೇರವಾಗಿ ಬರುವ ವೈರ್‌ಗೆ ಬ್ಯಾಟರಿಯ ಪಕ್ಕದಲ್ಲೇ, ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಪ್ಯಾಕರ್ಡ್ ಕಥೆ ನೆನಪಿದೆಯಲ್ಲ.

ಕಿವಿಯ ಲೆಕ್ಕವೂ ಒಂದಿದೆ, ದಿನವಿಡೀ ಸ್ಟೀರಿಂಗ್ ಹಿಡಿಯುವವರಿಗೆ. ಅಮೆರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 8 ಗಂಟೆಗೆ 85 ಡೆಸಿಬಲ್. ಮೇಲೆ 3 ಏರಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ನಾಲ್ಕು ಗಂಟೆ ಹಿಡಿದರೆ ಆ ದಿನದ ಮಿತಿ 88. ವಾಲ್ಯೂಮ್ ಏರಿಸಿ 100ಕ್ಕೆ ಮುಟ್ಟಿಸಿದರೆ ಸಿಗುವುದು 15 ನಿಮಿಷ, ಹಿರಿಯೂರು ಬರುವುದಕ್ಕೂ ಮೊದಲೇ ಅದು ಮುಗಿದಿರುತ್ತದೆ.