ಇಂಟರ್‌ಪ್ರಿಟರ್ ಬೆಂಚ್‌ಮಾರ್ಕ್‌ನಲ್ಲಿ ಪ್ರೊಫೈಲರ್ ಆಯ್ಕೆಗಳು

ಭಾಷೆಯೊಂದರ ಇಂಟರ್‌ಪ್ರಿಟರ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದನ್ನು ಬೆಂಚ್‌ಮಾರ್ಕ್ ಹೇಳುತ್ತದೆ; ಆ ಹೊತ್ತು ಎಲ್ಲಿ ಕಳೆಯಿತು ಎಂಬುದನ್ನು ಪ್ರೊಫೈಲರ್ ಹೇಳುತ್ತದೆ. ಎರಡನ್ನೂ ಜೊತೆಯಾಗಿ ಓಡಿಸುವಾಗ ಪ್ರೊಫೈಲರ್‌ನ ಆಯ್ಕೆಗಳನ್ನು ಬೆಂಚ್‌ಮಾರ್ಕ್ ಸಾಧನದ ಕೈಯಿಂದಲೇ ದಾಟಿಸಬೇಕಾಗುತ್ತದೆ. ಪೈಥಾನ್‌ನ ಮುಖ್ಯ ಇಂಟರ್‌ಪ್ರಿಟರ್ ಸಿಪೈಥಾನ್‌ನಲ್ಲಿ ಈ ವ್ಯವಸ್ಥೆ ಚೆನ್ನಾಗಿ ಬೆಳೆದಿದೆ.

ದಾಟಿಸುವ ಬಗೆ

ಇಲ್ಲಿ ಬಳಕೆಯಲ್ಲಿರುವುದು ವಿಕ್ಟರ್ ಸ್ಟಿನ್ನರ್ ಬರೆದ ಪೈಪರ್ಫ್ ಎಂಬ ಬೆಂಚ್‌ಮಾರ್ಕ್ ಸಾಧನ. ಇದರ ಮೊದಲ ಹೆಸರು ಬರೀ ‘ಪರ್ಫ್’. 2009ರಲ್ಲೇ ಲಿನಕ್ಸ್ ಕರ್ನಲ್‌ನೊಂದಿಗೆ ಬಂದ ಪ್ರೊಫೈಲರ್‌ಗೂ ಅದೇ ಹೆಸರಿದ್ದುದರಿಂದ ಇದು ಹೆಸರು ಬದಲಿಸಿಕೊಳ್ಳಬೇಕಾಯಿತು.

ಪೈಪರ್ಫ್ ಒಂದೇ ಪ್ರೊಸೆಸ್‌ನಲ್ಲಿ ಅಳೆಯುವುದಿಲ್ಲ, ಸಾಮಾನ್ಯವಾಗಿ 20 ಹೊಸ ಪ್ರೊಸೆಸ್‌ಗಳನ್ನು ಹುಟ್ಟಿಸುತ್ತದೆ. ಇಡೀ ಆಜ್ಞೆಯನ್ನೇ ಲಿನಕ್ಸ್‌ನ ಪರ್ಫ್‌ಗೆ ಒಪ್ಪಿಸಿದರೆ ಇಂಟರ್‌ಪ್ರಿಟರ್ ಏಳುವುದು, ಮಾಡ್ಯೂಲ್ ತೆರೆಯುವುದು, ಪೈಪರ್ಫ್‌ನ ಸ್ವಂತ ಲೆಕ್ಕಾಚಾರ ಎಲ್ಲವೂ ದಾಖಲಾಗುತ್ತವೆ. ಅದಕ್ಕೆಂದೇ ಒಂದು ಹುಕ್ ಇದೆ. ಅದು ಪ್ರೊಸೆಸ್‌ಗೆ ಪರ್ಫ್ ಅನ್ನು ಅಂಟಿಸಿ, ಅಳೆಯಬೇಕಾದ ಕೋಡ್ ಓಡುವಾಗ ಮಾತ್ರ ದಾಖಲೆಯನ್ನು ತೆರೆದು ಮುಚ್ಚುತ್ತದೆ. ಬಳಕೆದಾರರು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಬರೆದಿಟ್ಟ ಆಯ್ಕೆಗಳು ಪರ್ಫ್‌ನ ಆಜ್ಞೆಗೆ ಸೇರಿಕೊಳ್ಳುತ್ತವೆ.

ಯಾವ ಆಯ್ಕೆಗಳು

ಮಾದರಿ ತೆಗೆಯುವ ವೇಗ ಮೊದಲನೆಯದು. ಸೆಕೆಂಡಿಗೆ 1000 ಎನ್ನದೆ 999 ಎನ್ನುವುದು ರೂಢಿ. ನಿಯಮಿತವಾಗಿ ನಡೆಯುವ ಇತರ ಕೆಲಸಗಳ ತಾಳಕ್ಕೆ ಪ್ರೊಫೈಲರ್ ಬೀಳದಿರಲೆಂದು.

ಸ್ಟ್ಯಾಕ್ ದಾಖಲಿಸುವ ಬಗೆ ಇದಕ್ಕಿಂತ ದುಬಾರಿ. ಡ್ವಾರ್ಫ್ ವಿಧಾನದಲ್ಲಿ ಪರ್ಫ್ ಪ್ರತಿ ಮಾದರಿಗೂ ಸ್ಟ್ಯಾಕ್‌ನ 8192 ಬೈಟ್‌ವರೆಗೆ ನಕಲು ಮಾಡಿಕೊಳ್ಳುತ್ತದೆ. ಸೆಕೆಂಡಿಗೆ 999 ಮಾದರಿ ಎಂದರೆ ಸುಮಾರು 8 ಎಂಬಿ, ಒಂದು ನಿಮಿಷಕ್ಕೆ ಅರ್ಧ ಜಿಬಿ ಹತ್ತಿರ. ಫ್ರೇಮ್ ಪಾಯಿಂಟರ್ ಉಳಿಸಿಕೊಂಡು ಕಂಪೈಲ್ ಮಾಡಿದ ಇಂಟರ್‌ಪ್ರಿಟರ್‌ಗೆ ಈ ಭಾರವಿಲ್ಲ.

ಇಷ್ಟಾದರೂ ಹಿಂದೆ ಕಾಣುತ್ತಿದ್ದುದು ಬೈಟ್‌ಕೋಡ್ ಓಡಿಸುವ ಒಂದೇ ದೊಡ್ಡ ಸಿ ಫಂಕ್ಷನ್‌ನ ಹೆಸರು. 2023ರ ಪೈಥಾನ್ 3.12 ಪೈಥಾನ್ ಫಂಕ್ಷನ್‌ಗಳ ಹೆಸರನ್ನೂ ಪರ್ಫ್‌ಗೆ ತಿಳಿಸಲು ಒಂದು ಸ್ವಿಚ್ ತಂದಿತು. ಅದನ್ನು ಹಾಕಿದರೆ ಇಂಟರ್‌ಪ್ರಿಟರ್ ಫಂಕ್ಷನ್‌ಗಳ ವಿಳಾಸಪಟ್ಟಿಯೊಂದನ್ನು ಟೆಂಪ್ ಡೈರೆಕ್ಟರಿಯಲ್ಲಿ ಬರೆದಿಡುತ್ತದೆ. ಮರುವರ್ಷದ 3.13ರಲ್ಲಿ ಫ್ರೇಮ್ ಪಾಯಿಂಟರ್ ಇಲ್ಲದೆಯೂ ನಡೆಯುವ ಬಗೆ ಬಂತು.

ಎಡವುವುದು ಇಲ್ಲಿಯೇ. ಶೆಲ್‌ನಲ್ಲಿ ಆ ಸ್ವಿಚ್ಚನ್ನು ವೇರಿಯಬಲ್ ಆಗಿ ಇಟ್ಟರೂ ಪೈಪರ್ಫ್ ತಾನು ಹುಟ್ಟಿಸಿದ ಪ್ರೊಸೆಸ್‌ಗಳಿಗೆ ಕೆಲವೇ ವೇರಿಯಬಲ್‌ಗಳನ್ನು ಕೊಡುತ್ತದೆ. ಉಳಿದವುಗಳ ಹೆಸರು ಹೇಳಿ ದಾಟಿಸಬೇಕು. ಇದು ಬರೀ ಮಡಿವಂತಿಕೆಯಲ್ಲ. 2009ರಲ್ಲಿ ಸಂಶೋಧಕ ಮಿಟ್ಕೊವಿಚ್ ಮತ್ತು ಸಂಗಡಿಗರು ಎನ್ವಿರಾನ್‌ಮೆಂಟ್‌ನ ಗಾತ್ರ ಬದಲಾದರೆ ಸ್ಟ್ಯಾಕ್ ಶುರುವಾಗುವ ಜಾಗ ಸರಿದು ಪ್ರೋಗ್ರಾಮಿನ ವೇಗವೇ ಬದಲಾಗಬಹುದೆಂದು ತೋರಿಸಿದ್ದರು.

ಇತರ ಭಾಷೆಗಳು

ರೂಬಿಯ ಜಿಟ್ ಕಂಪೈಲರ್ ವೈಜಿಟ್ ಮತ್ತು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ ಕೂಡ ಪರ್ಫ್‌ಗೆ ಹೆಸರು ತಿಳಿಸುವ ಸ್ವಿಚ್‌ಗಳನ್ನು ಇಟ್ಟುಕೊಂಡಿವೆ.

ಪ್ರೊಫೈಲರ್ ಅಂಟಿಸಿ ಪಡೆದ ಸಮಯ ವೇಗದ ಹೋಲಿಕೆಗೆ ಒದಗುವುದಿಲ್ಲ; ಆ ಅಂಕಿಗೆ ಹುಕ್ ತೆಗೆದು ಇನ್ನೊಮ್ಮೆ ಓಡಿಸಬೇಕು.