ಗದೆ ಕೊಟ್ಟವರೂ ನಾವೇ, ಮರೆತವರೂ ನಾವೇ

ಜಾತ್ರೆಯ ದಿನ ಕುಸ್ತಿ ಕಣದ ಸುತ್ತ ಕುಳಿತ ಹುಡುಗರ ಮುಂದೆ ಈಗ ಎರಡೆರಡು ಕಾಳಗ ನಡೆದಿರುತ್ತವೆ. ಎದುರಿನ ಕೆಂಪು ಮಣ್ಣಿನಲ್ಲಿ ಒಂದು, ಕೈಯಲ್ಲಿರುವ ಫೋನಿನಲ್ಲಿ ಇನ್ನೊಂದು. ಫೋನಿನಲ್ಲಿ ಕಾಣುವುದು ಎಂಎಂಎ, ಅಂದರೆ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್. ಕುಸ್ತಿ, ಬಾಕ್ಸಿಂಗ್, ಜೂಡೋ, ಒದೆತ ಎಲ್ಲವೂ ಸೇರಿದ ಪಂಜರದ ಕಾಳಗ. ಯಾರು ದೊಡ್ಡ ಫೈಟರ್, ಯಾರ ಹವಾ ಇಳಿಯಿತು ಎಂಬ ವಾದ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಅಥಣಿಯ ಚಹಾದಂಗಡಿಯಲ್ಲೂ ಕೇಳುತ್ತದೆ.

ಈ ವಾದ ನಮ್ಮ ಕಡೆಗೆ ಹೊಸದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕಿನಲ್ಲಿ ನಮ್ಮ ಅಜ್ಜಂದಿರು ಇದೇ ಮಾತನ್ನು ಪೈಲವಾನರ ಬಗ್ಗೆ ಆಡುತ್ತಿದ್ದರು. ಜನ ಒಬ್ಬ ಪೈಲವಾನನನ್ನು ಹೆಗಲ ಮೇಲೆ ಹೊತ್ತದ್ದು ಏಕೆ, ಕೆಳಗೆ ಇಳಿಸಿದ್ದು ಏಕೆ? ಆ ಲೆಕ್ಕವನ್ನು ಇವತ್ತು ಸ್ವಲ್ಪ ಬಿಚ್ಚಿ ನೋಡೋಣ.

ಕೊಲ್ಲಾಪುರದ ದಾರಿ

ನಮ್ಮ ಕಡೆಯ ಕುಸ್ತಿಯ ಕಥೆ ಕೊಲ್ಲಾಪುರ ಬಿಟ್ಟರೆ ಪೂರ್ತಿಯಾಗುವುದಿಲ್ಲ. ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಬಸ್ ಹತ್ತಿದರೆ ಒಂದು ತಾಸಿನ ದಾರಿ. ಕಾಗವಾಡದವರಿಗೆ ಮಿರಜ ಪಕ್ಕದ ಮನೆ ಇದ್ದಂತೆ.

ಅಲ್ಲಿ 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರಿಗೆ ಕುಸ್ತಿ ಅಂದರೆ ಪ್ರಾಣ. ಪಂಜಾಬದಿಂದ ಮಲ್ಲರನ್ನು ಕರೆಸಿದರು, ತಾಲೀಮುಗಳಿಗೆ ಆಸರೆಯಾದರು, ಜಾತಿ ಧರ್ಮ ನೋಡದೆ ಪೈಲವಾನರನ್ನು ಸಾಕಿದರು. 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಹಳೆಯ ಬಯಲು ರಂಗಮಂದಿರ ನೋಡಿದ್ದರು. ಅದರ ನೆನಪಿನಲ್ಲಿ 1912ರಲ್ಲಿ ಖಾಸಬಾಗ ಮೈದಾನ ಎದ್ದಿತು. ನಡುವೆ ಮಣ್ಣಿನ ಕಣ, ಸುತ್ತಲೂ ಬಟ್ಟಲಿನಂತೆ ಏರುತ್ತ ಹೋಗುವ ಜಾಗ. ಸಾವಿರಾರು ಜನ ಕೂತರೂ ಕಟ್ಟಕಡೆಯವನಿಗೂ ಕಣ ಕಾಣುತ್ತದೆ.

ಕಣ ಎಲ್ಲರಿಗೂ ಕಾಣಬೇಕು ಎಂಬುದು ದೊಡ್ಡ ಮಾತು. ಪಂಚರು ಏನೇ ಹೇಳಲಿ, ಬೆನ್ನು ಮಣ್ಣಿಗೆ ಹತ್ತಿತೋ ಇಲ್ಲವೋ ಎಂಬುದನ್ನು ಸಾವಿರಾರು ಕಣ್ಣು ನೋಡಿರುತ್ತವೆ. ನಮ್ಮ ಊರ ಜಾತ್ರೆಯ ನಿಕಾಲಿ ಕುಸ್ತಿಯ ಪದ್ಧತಿಯೂ ಇದೇ. ಅಂಕದ ಲೆಕ್ಕ ಇಲ್ಲ, ಚಿತ್ ಆಗುವವರೆಗೂ ಆಟ. ಗೆದ್ದವನು ಕಣ ಸುತ್ತಿ ಬಂದರೆ ಜನ ತಾವಾಗಿ ನೋಟು ಕೊಡುತ್ತಾರೆ. ಆ ಹತ್ತು ರೂಪಾಯಿ ನೋಟೇ ಜನರ ತೀರ್ಪು.

ಯಕ್ಸಂಬಾದ ಹುಡುಗ

ಈ ತೀರ್ಪನ್ನು ಪೂರ್ತಿ ಗೆದ್ದ ಒಬ್ಬರು ನಮ್ಮವರೇ. ಶ್ರೀಪತಿ ಖಂಚನಾಳೆ. ಹುಟ್ಟಿದ್ದು 1934ರಲ್ಲಿ, ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ. ಕುಸ್ತಿ ಕಲಿಯಲು ಕೊಲ್ಲಾಪುರಕ್ಕೆ ಹೋದರು, ಅಲ್ಲಿಯ ಮಣ್ಣಿನಲ್ಲೇ ಬೆಳೆದರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾ ಸಿಂಗ್ ಅವರನ್ನು ಸೋಲಿಸಿ ಹಿಂದ್ ಕೇಸರಿ ಆದರು. ಅದೇ ವರ್ಷ ಮಹಾರಾಷ್ಟ್ರ ಕೇಸರಿಯೂ ಆದರು.

ಇಲ್ಲಿ ಒಂದು ಗಮ್ಮತ್ತು ನೋಡಿ. 1956ರ ನವೆಂಬರ್ 1ರಂದು ಚಿಕ್ಕೋಡಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತ್ತು. ಮಹಾರಾಷ್ಟ್ರ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು. ಅಂದರೆ ಮೈಸೂರು ರಾಜ್ಯದ ಊರಿನಲ್ಲಿ ಹುಟ್ಟಿದ ಹುಡುಗ, ಇನ್ನೂ ಹುಟ್ಟದ ರಾಜ್ಯದ ಹೆಸರಿನ ಕೇಸರಿ ಆದ! ಗಡಿ ಯಾರದು ಎಂದು ದೊಡ್ಡವರು ಜಗಳಾಡುವ ಹೊತ್ತಿನಲ್ಲಿ ಕುಸ್ತಿ ನೋಡುವ ಜನ ಆ ಪ್ರಶ್ನೆ ಕೇಳಲಿಲ್ಲ. ನೆಟ್ಟಗೆ ಆಡಿದನೇ, ಎದುರಿನವನು ತೂಕದ ಆಳೇ, ಇಷ್ಟೇ ಕೇಳಿದರು.

ಪಂಜಾಬದ ಮಲ್ಲ ಅಂದರೆ ಅಂದಿನ ನಮ್ಮ ಜನಕ್ಕೆ ಬೆಟ್ಟ ಇದ್ದಂತೆ. ಮೆಚ್ಚುಗೆಯ ಮೊದಲ ನಿಯಮ ಇದೇ: ಯಾರನ್ನು ಗೆದ್ದೆ ಎಂಬುದರ ಮೇಲೆ ಹೆಸರು ನಿಲ್ಲುತ್ತದೆ. ಸಣ್ಣವರನ್ನು ಹುಡುಕಿ ಹುಡುಕಿ ಗೆದ್ದವನಿಗೆ ಬಹುಮಾನ ಸಿಗಬಹುದು, ಹೆಸರು ಸಿಗುವುದಿಲ್ಲ.

ಮಲಗಿದವನು ಮತ್ತು ಬಿದ್ದವನು

ಎರಡನೇ ನಿಯಮಕ್ಕೆ ಲಂಡನ್ನಿಗೆ ಹೋಗಬೇಕು. 1910ರಲ್ಲಿ ನಮ್ಮ ದೇಶದ ಗಾಮಾ ಪೈಲವಾನ ಅಲ್ಲಿಗೆ ಹೋದರು. ಎತ್ತರ ಕಡಿಮೆ ಎಂದು ಅವರನ್ನು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಯಾರು ಬೇಕಾದರೂ ಬನ್ನಿ ಎಂದು ಗಾಮಾ ಬಹಿರಂಗ ಸವಾಲು ಹಾಕಿದರು. ಅಮೆರಿಕದ ಡಾಕ್ಟರ್ ರೋಲರ್ ಬಂದರು, ಸೋತರು. ಆಮೇಲೆ ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಝಿಬಿಸ್ಕೋ ಎದುರಿಗೆ ನಿಂತರು. ಅವರು ಆ ಕಾಲದ ಯುರೋಪಿನ ದೊಡ್ಡ ಹೆಸರು.

ಗಾಮಾ ಆರಂಭದಲ್ಲೇ ಅವರನ್ನು ಕೆಳಗೆ ತಂದರು. ಅಲ್ಲಿಂದ ಝಿಬಿಸ್ಕೋ ಏಳಲೇ ಇಲ್ಲ. ನೆಲಕ್ಕೆ ಅಂಟಿಕೊಂಡು ಎರಡೂವರೆ ತಾಸಿಗೂ ಹೆಚ್ಚು ಹೊತ್ತು ಹಾಗೇ ಉಳಿದರು. ಪಂದ್ಯ ಸಮ ಎಂದಾಯಿತು. ಒಂದು ವಾರದ ಮೇಲೆ ಮತ್ತೆ ಆಡಬೇಕಿತ್ತು, ಝಿಬಿಸ್ಕೋ ಬರಲಿಲ್ಲ. ಗಾಮಾ ಗೆದ್ದರೆಂದು ಘೋಷಿಸಿದರು.

ಝಿಬಿಸ್ಕೋ ಆ ದಿನ ಸೋತಿರಲಿಲ್ಲ ಎಂಬುದು ನೆನಪಿರಲಿ. ಕಾಗದದ ಮೇಲೆ ಸಮಬಲ. ಆದರೂ ಹೆಸರು ಹೋಯಿತು, ಏಕೆಂದರೆ ಆಡಲು ಬಂದವನು ಆಡಲಿಲ್ಲ. ಆ ಹೆಸರನ್ನು ಅವರು ಸ್ವಲ್ಪ ಮಟ್ಟಿಗೆ ಮರಳಿ ಪಡೆದದ್ದು 1928ರಲ್ಲಿ, ಪಟಿಯಾಲಾಕ್ಕೆ ಬಂದು ಗಾಮಾ ಎದುರು ಮತ್ತೆ ನಿಂತಾಗ. ಅಲ್ಲಿ ಒಂದು ನಿಮಿಷದೊಳಗೆ ಚಿತ್ ಆದರು. ಒಂದು ನಿಮಿಷದ ಸೋಲು ಎರಡೂವರೆ ತಾಸಿನ ಸಮಬಲಕ್ಕಿಂತ ಮರ್ಯಾದೆಯದು. ನಮ್ಮ ಕಣದ ಸುತ್ತ ಕುಳಿತ ಯಾವ ಅಜ್ಜನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ಬೆಳಗಾವಿಯಲ್ಲೇ ಇದಕ್ಕೆ ಸಾಕ್ಷಿ ಇದೆ. ಎಪ್ಪತ್ತರ ದಶಕದಲ್ಲಿ ದಿಲ್ಲಿಯ ಸತ್ಪಾಲ್ ಅಂದರೆ ದೇಶಕ್ಕೆಲ್ಲ ಹೆಸರು. ಅವರನ್ನು ಬೆಳಗಾವಿಯ ಕಣದಲ್ಲಿ ಹರಿಶ್ಚಂದ್ರ ಬಿರಾಜದಾರ ಸೋಲಿಸಿದರು. ಬಿರಾಜದಾರರ ಹೆಸರು ಆ ಒಂದು ಕುಸ್ತಿಯಿಂದ ಮನೆಮಾತಾಯಿತು. ಸತ್ಪಾಲ್ ಅವರ ಹೆಸರು ಮುಗಿಯಿತೇ? ಇಲ್ಲ. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, ಆಮೇಲೆ ದೊಡ್ಡ ಗುರುವಾದರು. ಸೋತ ಪೈಲವಾನನನ್ನು ಜನ ಕ್ಷಮಿಸುತ್ತಾರೆ, ಮತ್ತೆ ಕಣಕ್ಕೆ ಬಂದರೆ ಸಾಕು.

ಒಳಗೆ ಮಾತಾಡಿಕೊಂಡ ಕುಸ್ತಿ

ಜನ ಕ್ಷಮಿಸದ್ದು ಒಂದೇ: ಮೊದಲೇ ಮಾತಾಡಿಕೊಂಡು ಆಡಿದ ಕುಸ್ತಿ. ಗಡಿಯಾಚೆ ಇದಕ್ಕೆ ನೂರಾ ಕುಸ್ತಿ ಎನ್ನುತ್ತಾರೆ. ಇಬ್ಬರೂ ಬೆವರು ಬರಿಸುತ್ತಾರೆ, ಹೊತ್ತು ಕಳೆಯುತ್ತಾರೆ, ಕೊನೆಗೆ ಸಮ ಎಂದು ಬಹುಮಾನ ಹಂಚಿಕೊಳ್ಳುತ್ತಾರೆ. ಮೊದಲು ಶಿಳ್ಳೆ ಬೀಳುತ್ತದೆ, ಮುಂದಿನ ವರ್ಷ ಜನವೇ ಬರುವುದಿಲ್ಲ.

ಹಾಗಾದರೆ ದಾರಾ ಸಿಂಗ್? ಐವತ್ತರ ದಶಕದಲ್ಲಿ ಅವರೂ ಕಿಂಗ್ ಕಾಂಗ್ ಎಂಬ ದೈತ್ಯನೂ ಊರೂರು ಸುತ್ತಿ ಆಡಿದ ಫ್ರೀಸ್ಟೈಲ್ ಪಂದ್ಯಗಳಲ್ಲಿ ನಾಟಕದ ಪಾಲು ದೊಡ್ಡದಿತ್ತು. ಆದರೂ ದಾರಾ ಸಿಂಗ್ ಹೆಸರು ಇಂದಿಗೂ ಗಾದೆಯಂತೆ ಬಳಕೆಯಲ್ಲಿದೆ. ಟಿವಿ ರಾಮಾಯಣದಲ್ಲಿ ಹನುಮಂತನಾಗಿ ಮನೆಮನೆಗೆ ಬಂದ ಮೇಲೆ ಇನ್ನೂ ಗಟ್ಟಿಯಾಯಿತು. ನಾಟಕವೆಂದು ತಿಳಿದು ಟಿಕೆಟ್ ತೆಗೆದವನಿಗೆ ಮೋಸವಾಗುವುದಿಲ್ಲ. ನಿಜವೆಂದು ನಂಬಿಸಿ ನಾಟಕ ಆಡಿದರೆ ಮಾತ್ರ ಅದು ಮೋಸ. ಬಯಲಾಟ ನೋಡಿ ಬೆಳೆದ ನಮ್ಮ ಜನಕ್ಕೆ ಈ ಫರಕು ಚೆನ್ನಾಗಿ ಗೊತ್ತು.

ಪಂಜರದೊಳಗೂ ಅದೇ ಲೆಕ್ಕ

ಈಗ ಫೋನಿನ ಕಾಳಗಕ್ಕೆ ಬರೋಣ. ಯುಎಫ್‌ಸಿ ಎಂಬ ಅಮೆರಿಕದ ಪಂದ್ಯ ಶುರುವಾದದ್ದು 1993ರ ನವೆಂಬರ್‌ನಲ್ಲಿ, ಡೆನ್ವರ್ ನಗರದಲ್ಲಿ. ಅಂದು ಗೆದ್ದದ್ದು ಬ್ರೆಜಿಲಿನ ರಾಯ್ಸ್ ಗ್ರೇಸಿ. ನೋಡಲು ಸಪೂರ ಆಳು, ಪಟ್ಟು ಹಾಕಿ ಒಬ್ಬೊಬ್ಬರನ್ನೇ ಒಪ್ಪಿಸಿಕೊಂಡ. ಜನ ಬೆರಗಾದರು. ಗಿಡ್ಡನೆಂದು ಹೊರಗಿಟ್ಟ ಗಾಮಾನನ್ನು ಮೆಚ್ಚಿದ ಕಾರಣವೂ ಇದೇ ಅಲ್ಲವೇ? ಮೈಯಿಗಿಂತ ಡಾವು ದೊಡ್ಡದೆಂದು ತೋರಿಸಿದವನಿಗೆ ಜನ ಸೋಲುತ್ತಾರೆ.

2013ರಲ್ಲಿ ಅದೇ ಬ್ರೆಜಿಲಿನ ಆಂಡರ್ಸನ್ ಸಿಲ್ವಾ, ಹಲವು ವರ್ಷ ಸೋಲು ಕಾಣದ ಚಾಂಪಿಯನ್, ಎದುರಾಳಿಯ ಮುಂದೆ ಕೈ ಕೆಳಗಿಳಿಸಿ ಅಣಕಿಸುತ್ತ ನಿಂತರು. ಕ್ರಿಸ್ ವೈಡ್‌ಮನ್ ಕೊಟ್ಟ ಒಂದು ಏಟಿಗೆ ಬಿದ್ದರು. ಸೋತದ್ದಕ್ಕಿಂತ ಹೆಚ್ಚು ಚರ್ಚೆಯಾದದ್ದು ಆ ಅಣಕ.

2018ರ ಅಕ್ಟೋಬರ್‌ನಲ್ಲಿ ಖಬೀಬ್ ನುರ್ಮಗೊಮೆಡೊವ್ ಬಾಯಿಬಡುಕ ಎಂದೇ ಹೆಸರಾದ ಕಾನರ್ ಮೆಕ್‌ಗ್ರೆಗರ್ ಅವರನ್ನು ನಾಲ್ಕನೇ ಸುತ್ತಿನಲ್ಲಿ ಮಣಿಸಿದರು. ಮರುಕ್ಷಣ ಪಂಜರ ಹಾರಿ ಎದುರಿನವರ ಕಡೆಯ ಜನರ ಮೇಲೆ ಬಿದ್ದರು. ಒಂಬತ್ತು ತಿಂಗಳ ನಿಷೇಧ, ಐದು ಲಕ್ಷ ಡಾಲರ್ ದಂಡ. ಅಷ್ಟು ದೊಡ್ಡ ಗೆಲುವಿನ ಮೇಲೆ ತಾವೇ ಮಣ್ಣು ಎರಚಿಕೊಂಡರು. ನಮ್ಮ ಜಾತ್ರೆಯಲ್ಲಿ ಕುಸ್ತಿ ಮುಗಿದ ಮೇಲೆ ಎರಡೂ ಕಡೆಯವರು ಕಣಕ್ಕೆ ನುಗ್ಗಿ ಕಾದಾಡಿದರೆ ಹೇಗಿರುತ್ತದೆಯೋ ಹಾಗೆ. ಗೆದ್ದವನು ಸೋತವನ ಕೈ ಹಿಡಿದು ಎಬ್ಬಿಸಬೇಕು ಎಂದು ವಸ್ತಾದರು ಕಲಿಸಿದ್ದು ಸುಮ್ಮನೆ ಅಲ್ಲ.

ಕಣದ ಹೊರಗಿನ ನಡತೆಗೂ ಲೆಕ್ಕ ಇದೆ. ಸತ್ಪಾಲ್ ಅವರ ಶಿಷ್ಯ ಸುಶೀಲ್ ಕುಮಾರ್ 2008ರಲ್ಲಿ ಕಂಚು, 2012ರಲ್ಲಿ ಬೆಳ್ಳಿ ಗೆದ್ದು ಒಲಿಂಪಿಕ್ಸ್ ವೀರರಾಗಿದ್ದರು. 2021ರ ಮೇ ತಿಂಗಳಲ್ಲಿ ಯುವ ಪೈಲವಾನನೊಬ್ಬನ ಕೊಲೆ ಪ್ರಕರಣದಲ್ಲಿ ಬಂಧನವಾಯಿತು. ಆರೋಪ ನಿಜವೋ ಸುಳ್ಳೋ ಹೇಳುವುದು ನ್ಯಾಯಾಲಯದ ಕೆಲಸ. ಆದರೆ ತಾಲೀಮಿನ ಗೋಡೆಗೆ ಅವರ ಫೋಟೊ ಹಚ್ಚಿದ್ದ ಹುಡುಗರ ಎದೆ ಆ ದಿನ ಒಡೆಯಿತು. ಕೈಯಲ್ಲಿ ಬಲ ಇರುವವನ ಮೇಲೆ ಜನ ಇಡುವ ನಂಬಿಕೆ ಒಂದೇ: ಈ ಬಲ ಕಣದ ಹೊರಗೆ ನಮ್ಮ ಮೇಲೆ ಬೀಳುವುದಿಲ್ಲ.

ನಮ್ಮ ಪಾಲಿನ ತಪ್ಪು

ಇಲ್ಲಿಯವರೆಗೆ ಪೈಲವಾನರ ಲೆಕ್ಕ ಕೇಳಿದೆವು. ಈಗ ನಮ್ಮ ಲೆಕ್ಕ.

ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಹೋಗಲು ದುಡ್ಡಿರಲಿಲ್ಲ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅವರಿಗೆ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ತಮ್ಮ ಮನೆ ಒತ್ತೆ ಇಟ್ಟು 7 ಸಾವಿರ ರೂಪಾಯಿ ಕೊಟ್ಟರು. ಗೆದ್ದು ಬಂದಾಗ ಎತ್ತಿನ ಗಾಡಿಗಳ ದೊಡ್ಡ ಮೆರವಣಿಗೆಯಾಯಿತು. ಜಾಧವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕುಸ್ತಿ ಏರ್ಪಡಿಸಿ ಹಣ ಕೂಡಿಸಿ ಗುರುವಿನ ಸಾಲ ತೀರಿಸಿದ್ದು.

ಆಮೇಲೆ ಪೊಲೀಸ್ ಕೆಲಸ ಮಾಡಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತು ಹದಿನೈದಕ್ಕೂ ಹೆಚ್ಚು ವರ್ಷವಾದ ಮೇಲೆ. ಗಾಮಾ ಕೂಡ 1960ರಲ್ಲಿ ಲಾಹೋರಿನಲ್ಲಿ ಕಾಯಿಲೆ, ಬಡತನದ ನಡುವೆ ಕಣ್ಣು ಮುಚ್ಚಿದರು.

ಇವರು ಮೋಸ ಮಾಡಿ ಹೆಸರು ಕಳೆದುಕೊಂಡವರಲ್ಲ. ಸೊಕ್ಕು ತೋರಿಸಿದವರಲ್ಲ. ಮೈ ಇಳಿಯಿತು, ಜನ ಹೊಸಬರ ಕಡೆ ಹೊರಳಿದರು, ಅಷ್ಟೇ. ನಾವು ಮೆಚ್ಚುಗೆಯನ್ನು ನೋಟಿನಲ್ಲಿ, ಶಿಳ್ಳೆಯಲ್ಲಿ, ಮೆರವಣಿಗೆಯಲ್ಲಿ ಕೊಡುತ್ತೇವೆ. ಸಂಜೆಗೆ ಅದು ಮುಗಿಯುತ್ತದೆ. ಪೈಲವಾನನ ಮೊಣಕಾಲು ನೋವು ಮಾತ್ರ ನಲವತ್ತು ವರ್ಷ ಉಳಿಯುತ್ತದೆ.

ಖಂಚನಾಳೆಯವರು 2020ರ ಡಿಸೆಂಬರ್ 14ರಂದು ಕೊಲ್ಲಾಪುರದಲ್ಲಿ ತೀರಿಕೊಂಡರು. ಆಗ ಅವರಿಗೆ 86 ವರ್ಷ. ಗಡಿಯಾಚೆ ಅವರು ಕೊನೆಯವರೆಗೂ ಹಿಂದ್ ಕೇಸರಿ ಖಂಚನಾಳೆಯೇ. ಈಚೆ ಕಡೆ? ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಮನೆಯ ಹುಡುಗನಿಗೆ ಮೆಕ್‌ಗ್ರೆಗರ್ ಯಾರೆಂದು ಕೇಳಿ. ಆಮೇಲೆ ಯಕ್ಸಂಬಾದ ಶ್ರೀಪತಿ ಖಂಚನಾಳೆ ಯಾರೆಂದು ಕೇಳಿ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ ಹುಡುಗನಿಗೆ ಬೈಯಬೇಡಿ. ಹೇಳಬೇಕಾದವರು ನಾವು ಹೇಳಿಲ್ಲ.

ಎಂಎಂಎ ನೋಡಬೇಡಿ ಎಂದು ನಾವು ಹೇಳುತ್ತಿಲ್ಲ. ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ನಾಳೆ ನಮ್ಮ ಕಡೆಯ ಹುಡುಗ ಹುಡುಗಿಯರೂ ಆ ಪಂಜರಕ್ಕೆ ಹೋಗಬಹುದು, ಹೋಗಲಿ. ಹೋಗುವಾಗ ಈ ಮಣ್ಣಿನ ಅಳತೆ ಜೊತೆಗಿರಲಿ: ತೂಕದ ಎದುರಾಳಿ, ನೆಟ್ಟಗಿನ ಆಟ, ಸೋತವನಿಗೆ ಕೈ.

ಮುಂದಿನ ಜಾತ್ರೆಯಲ್ಲಿ ಕಮಿಟಿಯವರು ಒಂದು ಕೆಲಸ ಮಾಡಬಹುದು. ಮೊದಲ ಜೋಡಿ ಬಿಡುವ ಮುಂಚೆ ಊರಿನ ಹಳೆಯ ಪೈಲವಾನರನ್ನು ಕಣಕ್ಕೆ ಕರೆದು ಹೆಸರು ಹೇಳಿ, ಪಟಗ ಸುತ್ತಿ ಕೂರಿಸಿ. ಬಹುಮಾನದ ದುಡ್ಡಿನಲ್ಲಿ ಒಂದು ಪಾಲು ಅವರ ಔಷಧಕ್ಕೆ ಎತ್ತಿಡಿ. ಹಲಗಿ ಬಾರಿಸಲಿ, ಕುಸ್ತಿ ಆಮೇಲೆ ಶುರುವಾಗಲಿ.